ರಿಗ್ಮೋರ್ ಇದ್ದಾಳೆ ಎಂಬ ಠರಾವು

ನಮ್ಮೂರು ನೋರ್‌ಸುಂಡ್‌ನ ಚಿತ್ರಸಂಘಕ್ಕೆ ಹನ್ನೊಂದು ವರ್ಷದಿಂದ ನಾನೇ ಕಾರ್ಯದರ್ಶಿ. ನಡಾವಳಿ ಬರೆಯುವುದು, ಕುರ್ಚಿ ಜೋಡಿಸುವುದು, ಯಾವ ಗುರುವಾರ ಯಾರ ಮನೆಯಿಂದ ಕೇಕ್ ಬರಬೇಕು ಅಂತ ಪಟ್ಟಿ ಮಾಡುವುದು, ಎಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಅಧ್ಯಕ್ಷ ಪ್ರೆಬೆನ್‌ಗೆ ಇರುವುದು ಒಂದೇ ಕೆಲಸ, ಮಾತಾಡುವುದು. ಅದನ್ನು ಅವನು ಒಂದು ದಿನವೂ ತಪ್ಪಿಸಿಲ್ಲ.

ನಡಾವಳಿ ಪುಸ್ತಕದಲ್ಲಿ ಒಂದು ಮಾರ್ಚ್ ತಿಂಗಳ ಮಹಾಸಭೆಯ ಕೆಳಗೆ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಆರನೆಯ ವಿಷಯ. ಸದಸ್ಯೆ ರಿಗ್ಮೋರ್ ಬಿಸ್ಗೋರ್ ಇದ್ದಾರೆಯೇ ಇಲ್ಲವೇ ಎಂಬ ಬಗ್ಗೆ ಚರ್ಚೆ ನಡೆಯಿತು.' ಮುಂದೆ ಯಾರಾದರೂ ಇದನ್ನು ಓದಿದರೆ, ಅವತ್ತು ಕಾಫಿಗೆ ನಾವು ಇನ್ನೇನನ್ನೋ ಬೆರೆಸಿದ್ದೆವು ಅಂದುಕೊಳ್ಳುತ್ತಾರೆ. ಹಾಗಾಗಬಾರದು ಅಂತಲೇ ಇದನ್ನು ಬರೆಯಲು ಕೂತಿದ್ದೇನೆ. ಇದು ರಿಗ್ಮೋರ್‌ಳ ಗಂಡ, ನನ್ನ ಪಕ್ಕದ ಮನೆಯ ವಿಗ್ಗೊನ ಕತೆ.

ವಿಗ್ಗೊ ಬಿಸ್ಗೋರ್ ಮೂವತ್ತೇಳು ವರ್ಷ ಊರಿನ ನೀರಿನ ಮೀಟರ್ ಓದಿದವನು. ಉದ್ದ ಕಾಲು, ಬಾಗಿದ ಬೆನ್ನು, ಜೇಬಿನಲ್ಲಿ ಬೆರಳುದ್ದದ ಟಾರ್ಚು. ಸಂತೋಷಕ್ಕೂ ದುಃಖಕ್ಕೂ ಅವನಿಗೆ ಒಂದೇ ಮುಖ. ಲಾಟರಿ ಹೊಡೆದರೂ ಹಲ್ಲುನೋವು ಬಂದರೂ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಡೆನ್ಮಾರ್ಕಿನ ಈ ಪಡುವಣ ಮೂಲೆಯಲ್ಲಿ ನಾವೆಲ್ಲ ಹೀಗೇ. ನಮ್ಮಲ್ಲಿ 'ಅಷ್ಟೇನೂ ಕೆಟ್ಟದಿಲ್ಲ' ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನ್ನ ಅಪ್ಪ ನನ್ನಮ್ಮನನ್ನು ಹೊಗಳಿದ್ದು ಒಂದೇ ಸಲ, ಅವಳ ಉಪ್ಪಿನಲ್ಲಿ ಹಾಕಿದ ಹೆರಿಂಗ್ ಮೀನಿಗೆ, ಅದೂ ಆ ಮಾತಿನಲ್ಲೇ. ವಿಗ್ಗೊನ ಮದುವೆಯಲ್ಲಿ ಪಾದ್ರಿ, ಈ ಹುಡುಗಿಯನ್ನು ಹೆಂಡತಿಯಾಗಿ ಒಪ್ಪುತ್ತೀಯಾ ಅಂತ ಕೇಳಿದಾಗ ಅವನು, 'ಆಗ್ಬೌದು' ಅಂದ. ಊರಿನವರು ಸ್ವಲ್ಪ ಅತಿಯಾಯಿತು ಅಂದುಕೊಂಡರು.

ಮೀಟರ್ ಓದುವುದಕ್ಕೆ ಅವನದೇ ಒಂದು ಕ್ರಮವಿತ್ತು. ನೆಲಮಾಳಿಗೆಗೆ ಇಳಿಯುವ ಮೊದಲು ಮನೆಯನ್ನೊಮ್ಮೆ ಕಣ್ಣಾಡಿಸಿ ನೋಡುತ್ತಿದ್ದ. ಬಾಗಿಲಲ್ಲಿ ಎಷ್ಟು ಜೊತೆ ಬೂಟು, ತಂತಿಯ ಮೇಲೆ ಎಷ್ಟು ಬಟ್ಟೆ. ಪುಸ್ತಕ ತೆಗೆದು ಎಡಗಡೆ ಕಾಲಮ್ಮಿನಲ್ಲಿ ತನ್ನ ಊಹೆ ಬರೆದು, ಆಮೇಲೆ ಕೆಳಗಿಳಿದು ಟಾರ್ಚು ಹಾಕಿ, ಮೀಟರ್ ತೋರಿಸಿದ್ದನ್ನು ಬಲಗಡೆ ಬರೆಯುತ್ತಿದ್ದ. ಒಂದು ಸಲ ನಮ್ಮ ಮನೆಗೆ ಬಂದವನು ನನ್ನ ಮುಖ ನೋಡಿ,

"ನಿನ್ನ ತಂಗಿ ಬಂದು ಹತ್ತು ದಿನ ಇದ್ಲು ಅಲ್ವಾ? ಹದಿನಾಲ್ಕು ಘನ ಮೀಟರ್ ಆಗಿರ್ಬೇಕು," ಅಂದ. ಕೆಳಗಿಳಿದು ಮೇಲೆ ಬಂದು, "ಹನ್ನೊಂದು. ನಾನಂದ್ಕೊಂಡಷ್ಟು ಅವಳು ಸ್ನಾನ ಮಾಡಲ್ಲ," ಅಂದ.

ಮೊದಲೇ ಊಹೆ ಯಾಕೆ ಅಂತ ಕೇಳಿದರೆ ಅವನ ಉತ್ತರ ಹೀಗಿರುತ್ತಿತ್ತು: ಊಹೆ ಹತ್ತಿರ ಬಂದರೆ ಒಳ್ಳೆಯದು, ಸ್ವಲ್ಪ ತಪ್ಪಿದರೆ ಇನ್ನೂ ಒಳ್ಳೆಯದು. ಆದರೆ ಮೇಲಿಂದ ಮೇಲೆ ಅಂಕಿಗೆ ಅಂಕಿ ಸರಿಹೋಯಿತು ಅನ್ನು, ಆಗ ಹುಷಾರಾಗಬೇಕು. ಒಂದೋ ಮೀಟರ್ ಸತ್ತಿದೆ, ಇಲ್ಲವೇ ನೀನು ಮೀಟರನ್ನು ನೋಡುತ್ತಲೇ ಇಲ್ಲ, ನಿನ್ನ ತಲೆಯೊಳಗಿನ ಅಂಕಿಯನ್ನೇ ನೋಡುತ್ತಿದ್ದೀಯ. ಹೀಗೆ ಮಾಂಸದಂಗಡಿಯ ಮೀಟರೊಂದು ಮೂರು ಸಲ ಅವನ ಊಹೆಯಂತೆಯೇ ನಡೆದಾಗ, ಅದನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹೊರಟಿದ್ದ. ಒಳಗೆ ಮುಳ್ಳು ನಿಜಕ್ಕೂ ಕಚ್ಚಿಕೊಂಡಿತ್ತು.

ಆಮೇಲೆ ತಾವೇ ಅಂಕಿ ಕಳಿಸುವ ಹೊಸ ಮೀಟರುಗಳು ಬಂದವು. ಬಾಗುವುದಕ್ಕೂ ಟಾರ್ಚಿಗೂ ಕೆಲಸವಿಲ್ಲದಂತಾಯಿತು. ವಿಗ್ಗೊನಿಗೆ ಒಂದು ಹೂಕುಂಡ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ಅವನು ಫ್ರಿಜ್ಜಿನ ಉಷ್ಣತೆ ಬರೆದುಕೊಳ್ಳತೊಡಗಿದ. ಮೂರನೆಯ ವಾರಕ್ಕೆ ರಿಗ್ಮೋರ್‌ಗೆ ಸಾಕಾಗಿ ಅವನ ತೋಳು ಹಿಡಿದು ಚಿತ್ರಸಂಘಕ್ಕೆ ಎಳೆದುಕೊಂಡು ಬಂದಳು. ರಿಗ್ಮೋರ್ ಪರದೆಬಟ್ಟೆಯ ಅಂಗಡಿಯಲ್ಲಿ ಕೆಲಸ ಮಾಡಿದವಳು, ಗುಂಡಗಿನ ಗಟ್ಟಿ ಹೆಂಗಸು. ಅವಳ ಪದರ ಕೇಕ್ ಇಲ್ಲದಿದ್ದರೆ ನಮ್ಮ ಸಂಘ ಎಂದೋ ಮುಚ್ಚಿಹೋಗುತ್ತಿತ್ತು. ಪ್ರೆಬೆನ್ ಒಪ್ಪುವುದಿಲ್ಲ, ಆದರೆ ನಿಜ.

ಆ ಫೆಬ್ರವರಿಯ ಮೊದಲ ಗುರುವಾರ ತೋರಿಸಿದ್ದು ಒಂದು ವಿಜ್ಞಾನದ ಚಿತ್ರ. ನನಗೆ ಆ ಜಾತಿಯ ಚಿತ್ರಗಳು ಆಗುವುದಿಲ್ಲ, ಎಲ್ಲರೂ ಕತ್ತಲಲ್ಲಿ ತಗಡಿನ ಬಟ್ಟೆ ಹಾಕಿಕೊಂಡು ಓಡುತ್ತಾರೆ. ಇದರಲ್ಲಿ ಓಟ ಕಡಿಮೆ ಇತ್ತು. ಒಬ್ಬ ಗಡಿಯಾರ ರಿಪೇರಿಯವನು. ಊರು, ಅಂಗಡಿ, ಹೆಂಡತಿ ಎಲ್ಲ ಇದೆ. ಒಂದು ದಿನ ಅವನಿಗೆ ಅನುಮಾನ ಬರುತ್ತದೆ: ತಾನು ಯೋಚಿಸಿದ್ದನ್ನೇ ಎದುರಿನವರು ಆಡುತ್ತಿದ್ದಾರಲ್ಲ? ಕೊನೆಗೆ ನೋಡಿದರೆ ಊರೂ ಇಲ್ಲ, ಹೆಂಡತಿಯೂ ಇಲ್ಲ. ಅವನು ಎಲ್ಲೋ ಒಂದು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ತಲೆಗೆ ತಂತಿ ಸಿಕ್ಕಿಸಿಕೊಂಡು ಮಲಗಿದ್ದಾನೆ. ಕಂಡದ್ದೆಲ್ಲ ಅವನ ಮಿದುಳೇ ಹೆಣೆದದ್ದು.

ಚಿತ್ರ ಮುಗಿದ ಮೇಲೆ ಕಾಫಿ, ಕಾಫಿಯ ಜೊತೆ ಚರ್ಚೆ. ಪ್ರೆಬೆನ್ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವನು, ಕೊರೆಯಲು ನಿಂತರೆ ಬೋರ್‌ವೆಲ್ಲಿನವರು ನಾಚಬೇಕು.

"ಈಗ ಕೇಳ್ತೀನಿ," ಅಂತ ಶುರುಮಾಡಿದ. "ನೀವೆಲ್ಲ ಈ ಹಾಲ್‌ನಲ್ಲಿ ಕೂತಿದ್ದೀರಿ ಅಂತ ನಿಮಗೆ ಹೇಗೆ ಗೊತ್ತು? ಕನಸಲ್ಲೂ ಹೀಗೇ ಕೂತಿರ್ತೀರಿ. ಕೈ ಮುಟ್ಟಿ ನೋಡ್ತೀರಿ, ಆ ಮುಟ್ಟೋದೂ ಕನಸೇ. ಹೊರಗೆ ಹೋಗಿ ನೋಡೋದಕ್ಕೆ ಬಾಗಿಲೇ ಇಲ್ಲ!"

"ಬಾಗಿಲು ನಿನ್ನ ಹಿಂದೇನೇ ಇದೆ, ಗಾಳಿ ಬರ್ತಿದೆ, ಮುಚ್ಚು," ಅಂದ ಹೋಲ್ಗರ್. ಹೋಲ್ಗರ್‌ನದು ಬಂದರಿನ ಬಳಿ ಮೊಳೆ, ಬಣ್ಣ, ಹಗ್ಗದ ಅಂಗಡಿ.

ಎಲ್ಲರೂ ನಕ್ಕರು. ಆಗ ವಿಗ್ಗೊ ಕೈ ಎತ್ತಿದ. ಅವನು ಸಂಘದಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ಆ ತೊಟ್ಟಿಯ ಬಿಸಿನೀರು ಎಲ್ಲಿಂದ ಬರುತ್ತೆ?"

"ಅದು ಮುಖ್ಯ ಅಲ್ಲ, ವಿಗ್ಗೊ," ಅಂದ ಪ್ರೆಬೆನ್.

"ಮುಖ್ಯ ಅಲ್ದೆ ಏನು? ಅಷ್ಟು ನೀರು ಹರೀತಿದ್ರೆ ಎಲ್ಲೋ ಒಂದು ಮೀಟರ್ ಇರ್ಲೇಬೇಕು. ಅದನ್ನ ಯಾರೋ ಓದ್ಬೇಕು. ಆ ಓದೋನಿಗೆ ನಿಜ ಗೊತ್ತಿರುತ್ತೆ."

"ಸರಿ ಮಾರಾಯ. ಆದ್ರೆ ತೊಟ್ಟಿಯೊಳಗಿರೋನಿಗೆ ಹೇಗೆ ಗೊತ್ತಾಗ್ಬೇಕು? ಅದು ಪ್ರಶ್ನೆ."

ವಿಗ್ಗೊ ಕಾಫಿ ಲೋಟ ಕೆಳಗಿಟ್ಟ. "ಅದು ಸುಲಭ," ಅಂದ. "ಮೊದಲು ಊಹೆ ಬರ್ಕೊಬೇಕು."

ಅವತ್ತೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ರಿಗ್ಮೋರ್‌ಳ ಕೇಕ್‌ನಲ್ಲಿ ಇನ್ನೂ ನಾಲ್ಕು ತುಂಡು ಉಳಿದಿತ್ತು, ನಮ್ಮ ಗಮನವೆಲ್ಲ ಅದರ ಮೇಲೆ.

ಫೆಬ್ರವರಿ ಕೊನೆಯ ವಾರ, ಬೆಳಗ್ಗೆ ಒಂಬತ್ತಕ್ಕೆ ನನ್ನ ಅಡುಗೆಮನೆಯ ಬಾಗಿಲು ತಟ್ಟದೆಯೇ ತೆರೆಯಿತು. ರಿಗ್ಮೋರ್. ಕೋಟಿನ ಗುಂಡಿ ಮೇಲೆ ಕೆಳಗಾಗಿತ್ತು.

"ಎಲ್ನಾ, ನಾನು ಕಾಣಿಸ್ತಿದ್ದೀನಾ?"

"ಕಾಣಿಸ್ದೆ ಏನು? ಬಾಗಿಲು ತುಂಬ ನಿಂತಿದ್ದೀಯ."

"ಹಾಗಾದ್ರೆ ನಿನ್ನ ಕಣ್ಣು ಸರಿಯಿಲ್ಲ. ನಾನಿಲ್ಲ. ನನ್ನ ಗಂಡ ಹೇಳ್ದ. ಬೆಳಗ್ಗೆ ತಿಂಡಿ ಟೇಬಲ್ ಮುಂದೆ, ಟೋಪಿ ಕೈಯಲ್ಲಿ ಹಿಡ್ಕೊಂಡು, ಸತ್ತೋರ ಮನೆಗೆ ಬಂದೋನ ಥರ. 'ರಿಗ್ಮೋರ್, ನೀನು ಇಲ್ಲ ಅಂತ ನಂಬೋಕೆ ನನಗೆ ಕಾರಣ ಸಿಕ್ಕಿದೆ. ತಪ್ಪು ತಿಳ್ಕೊಬೇಡ.' ತಪ್ಪು ತಿಳ್ಕೊಬೇಡ ಅಂತೆ!"

ನಾನು ನಗಲು ಹೋದೆ, ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅವಳು ಕುರ್ಚಿಯಲ್ಲಿ ಕುಸಿದು ಮೂಗು ಒರೆಸಿಕೊಂಡಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. "ಬೇರೆ ಯಾವ ದಿನ ಅಂದಿದ್ರೂ ತಡ್ಕೊಳ್ತಿದ್ದೆ," ಅಂದಳು. "ಇವತ್ತೇ ಅನ್ಬೇಕಿತ್ತಾ?" ಇವತ್ತು ಏನು ವಿಶೇಷ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ.

ಅಂದಿನಿಂದ ಅವಳು ಗಂಡನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಇಲ್ಲದವಳು ಕಾಫಿ ಮಾಡುವುದು ಹೇಗೆ? ಮಾಡಲಿಲ್ಲ. ಇಲ್ಲದವಳಿಗೆ ಇಸ್ತ್ರಿ ಬರುತ್ತದೆಯೇ? ಇಲ್ಲ. ಮೇಜಿನ ಮೇಲೆ ಒಂದೇ ತಟ್ಟೆ, ಅದು ಅವಳದು. ವಿಗ್ಗೊ ಮಾಂಸದ ಉಂಡೆಗಳನ್ನು ತಾನೇ ಕರಿದುಕೊಂಡ. ಅದರ ಹೊಗೆ ನಮ್ಮ ಮನೆಯ ಪರದೆಗಳಲ್ಲಿ ಇಂದಿಗೂ ಇದೆ.

ಬೇಲಿಯ ಬಳಿ ಸಿಕ್ಕಾಗ ನಾನು ಅವನನ್ನು ತಡೆದೆ. "ಏನೋ ಇದು? ಹೆಂಡತಿ ಇಲ್ಲ ಅಂತೆ. ನಾನಾದ್ರೂ ಇದ್ದೀನೋ ಇಲ್ವೋ?"

ಅವನು ಮೀಟರನ್ನು ನೋಡುವಂತೆ ನನ್ನನ್ನು ನೋಡಿದ. "ನೀನಿರೋ ಸಾಧ್ಯತೆ ಜಾಸ್ತಿ ಇದೆ, ಎಲ್ನಾ. ನಿನ್ನಂಥ ಬಾಯಿ ನನ್ನ ತಲೇಲಿ ಹುಟ್ಟೋಕೆ ಸಾಧ್ಯವಿಲ್ಲ."

"ಥೂ, ನಿನ್ನ! ರಿಗ್ಮೋರ್ ನನ್ನ ಅಡುಗೆಮನೇಲಿ ಕೂತು ಅಳ್ತಾಳೆ, ಗೊತ್ತಾ?"

ಅವನು ಕೈಯಲ್ಲಿದ್ದ ಕರಿಹಿಡಿದ ಬಾಣಲೆಯನ್ನು ಬೇಲಿಗೆ ಒರಗಿಸಿದ. "ನನಗೆ ಸಂತೋಷ ಅಂದ್ಕೊಂಡ್ಯಾ?" ಅಂದ. "ನಾನು ಲೆಕ್ಕ ತಪ್ಪಿದ್ರೆ ಸಾಕು ಅಂತ ದಿನಾ ನೋಡ್ದೆ. ತಪ್ಪಲಿಲ್ಲ. ಅವಳಿಲ್ಲ ಅಂದ್ರೆ ನಾನು ನಲವತ್ತೆರಡು ವರ್ಷ ಒಬ್ನೇ ಇದ್ದೆ ಅಂತ ಆಯ್ತು. ಹೇಳ್ಕೊಳೋಕೂ ಅವಳೇ ಇದ್ಲು ನನಗೆ."

ನನಗೆ ಅವನ ಮೇಲೆ ಸಿಟ್ಟು ಬಂತು, ಮರುಕವೂ ಬಂತು. ಎರಡೂ ಒಟ್ಟಿಗೆ ಬಂದಾಗ ನಾನು ಸಾಮಾನ್ಯವಾಗಿ ಬಾಗಿಲು ಬಡಿದು ಒಳಗೆ ಹೋಗುತ್ತೇನೆ. ಹಾಗೇ ಮಾಡಿದೆ.

ಮಾರ್ಚ್ ಎರಡನೆಯ ಭಾನುವಾರ ಮಧ್ಯಾಹ್ನ ಸಂಘದ ಮಹಾಸಭೆ. ಸದಸ್ಯರ ಠರಾವುಗಳು ಎಂಟು ದಿನ ಮೊದಲೇ ಲಿಖಿತವಾಗಿ ಬರಬೇಕು, ನಿಯಮ. ಸರಿಯಾಗಿ ಎಂಟನೆಯ ದಿನ ರಿಗ್ಮೋರ್ ಒಂದು ಕಾಗದ ತಂದು ನನ್ನ ಕೈಗಿಟ್ಟಳು. 'ಸಂಘದ ಸದಸ್ಯೆ ರಿಗ್ಮೋರ್ ಬಿಸ್ಗೋರ್ ಇದ್ದಾಳೆ ಎಂದು ಈ ಸಭೆ ಒಪ್ಪಬೇಕು.'

"ತಲೆ ಕೆಟ್ಟಿದ್ಯಾ ನಿನಗೆ?" ಅಂದೆ.

"ವಿಷ ಹತ್ತಿದ್ದು ಎಲ್ಲಿ? ನಿಮ್ಮ ಸಂಘದಲ್ಲಿ. ಅಲ್ಲೇ ಇಳೀಬೇಕು. ಎಲ್ರ ಮುಂದೆ ಅವನು ಕೈ ಎತ್ತಿ ಹೂಂ ಅನ್ಲಿ. ಇಲ್ಲ ಅಂದ್ರೆ ಸೋಮವಾರ ಒಂಬತ್ತೂ ನಲವತ್ತರ ಬಸ್ಸಿಗೆ ಕೋಲ್ಡಿಂಗ್‌ಗೆ, ಅಕ್ಕನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ. ಪೆಟ್ಟಿಗೆ ಕಟ್ಟಾಗಿದೆ ಎಲ್ನಾ, ಹಾಸಿಗೆ ಕೆಳಗಿದೆ."

ಅವಳು ಆಡಿದ್ದನ್ನು ಮಾಡುವವಳು. ನಾನು ಠರಾವನ್ನು ಪಟ್ಟಿಯಲ್ಲಿ ಆರನೆಯ ವಿಷಯವಾಗಿ ಸೇರಿಸಿದೆ.

ಸಭೆಗೆ ಇಪ್ಪತ್ತೆರಡು ಜನ ಬಂದಿದ್ದರು. ಸಭೆ ನಡೆಸಲು ಒಬ್ಬ ತಟಸ್ಥನನ್ನು ಆರಿಸುವುದು ಪದ್ಧತಿ, ಪ್ರತಿವರ್ಷದಂತೆ ಹೋಲ್ಗರ್‌ನನ್ನು ಆರಿಸಿದೆವು. ಮೊದಲ ಆಘಾತ ಕಾಫಿ ಮೇಜಿನ ಮೇಲೇ ಕಾದಿತ್ತು. ಫ್ಲಾಸ್ಕುಗಳಿದ್ದವು, ಲೋಟಗಳಿದ್ದವು, ನಡುವೆ ಖಾಲಿ ದೊಡ್ಡ ತಟ್ಟೆ.

"ಕೇಕ್ ಎಲ್ಲಿ?" ಅಂದ ಹೋಲ್ಗರ್. ಅಂಥ ಗಾಬರಿ ಅವನ ದನಿಯಲ್ಲಿ ನಾನು ಅವನ ಅಂಗಡಿಗೆ ಬೆಂಕಿ ಬಿದ್ದಾಗಲೂ ಕೇಳಿರಲಿಲ್ಲ.

"ಪಟ್ಟೀಲಿ ಯಾರ ಹೆಸರಿದೆ?" ಅಂದಳು ರಿಗ್ಮೋರ್, ಎರಡನೆಯ ಸಾಲಿನಿಂದ.

"ನಿನ್ನದೇ," ಅಂದೆ ನಾನು.

"ಅವಳು ಇದ್ದಾಳೋ ಇಲ್ವೋ ಆರನೇ ವಿಷಯದಲ್ಲಿ ತೀರ್ಮಾನ ಆಗ್ಲಿ. ಆಮೇಲೆ ಕೇಕ್ ನೋಡೋಣ."

ಮೊದಲ ಐದು ವಿಷಯಗಳು ಅಷ್ಟು ಬೇಗ ಮುಗಿದದ್ದು ಸಂಘದ ಇತಿಹಾಸದಲ್ಲೇ ಇಲ್ಲ. ಪ್ರೆಬೆನ್‌ನ ವಾರ್ಷಿಕ ವರದಿಯನ್ನು ಸಭೆ ನಾಲ್ಕನೆಯ ವಾಕ್ಯಕ್ಕೇ ಚಪ್ಪಾಳೆ ತಟ್ಟಿ ಮುಗಿಸಿತು.

ಆರನೆಯದು ಬಂತು. ಹೋಲ್ಗರ್ ಠರಾವು ಓದಿ ಕನ್ನಡಕ ತೆಗೆದ. "ಒಂದು ಪ್ರಶ್ನೆ ಇದೆ. ಇದು ನಿಯಮಾವಳಿ ತಿದ್ದುಪಡಿ ಆಗುತ್ತಾ, ಇಲ್ಲ ಸಾಮಾನ್ಯ ವಿಷಯಾನಾ? ತಿದ್ದುಪಡಿ ಆದ್ರೆ ಮೂರನೇ ಎರಡು ಭಾಗ ಬೇಕು."

"ಒಬ್ಬಳು ಇರೋದಕ್ಕೆ ಮೂರನೇ ಎರಡು ಭಾಗ ಯಾಕೋ ಬೇಕು?" ಅಂದೆ ನಾನು. "ಅರ್ಧ ಸಾಕು."

"ಸಾಮಾನ್ಯ ವಿಷಯ," ಅಂತ ಹೋಲ್ಗರ್ ತೀರ್ಪು ಕೊಟ್ಟ.

ಪ್ರೆಬೆನ್ ಎದ್ದ. "ಗೆಳೆಯರೇ, ಅಸ್ತಿತ್ವವನ್ನ ಕೈ ಎತ್ತಿ ತೀರ್ಮಾನ ಮಾಡೋಕಾಗಲ್ಲ. ನಮ್ಮ ಕೈಗಳೇ ಇವೆ ಅನ್ನೋದು ಮೊದಲು ಸಾಬೀತಾಗ್ಬೇಕಲ್ಲ? ತತ್ತ್ವದ ದೃಷ್ಟಿಯಿಂದ ನಾನು ತಟಸ್ಥ."

"ನೀನು ಹೋದ ವರ್ಷ ಅವಳ ಕೇಕ್ ಆರು ತುಂಡು ತಿಂದೆ. ಆಗ ತಟಸ್ಥ ಇರ್ಲಿಲ್ವಾ?" ಅಂದರು ಹಿಂದಿನಿಂದ ಯಾರೋ.

ಮತಕ್ಕೆ ಹಾಕಿದರು. ರಿಗ್ಮೋರ್ ತನ್ನದೇ ವಿಷಯವಾದ್ದರಿಂದ ಮತ ಹಾಕುವಂತಿಲ್ಲ. ಉಳಿದವರ ಕೈಗಳು ಸರಕ್ಕನೆ ಮೇಲೆದ್ದವು, ಹತ್ತೊಂಬತ್ತು. ಎಷ್ಟು ಕೈ ರಿಗ್ಮೋರ್‌ಗೆ, ಎಷ್ಟು ಕೈ ಕೇಕ್‌ಗೆ ಅಂತ ನಾನು ನಡಾವಳಿಯಲ್ಲಿ ಬರೆಯಲಿಲ್ಲ.

"ಅಂಗೀಕಾರ," ಅಂದ ಹೋಲ್ಗರ್.

"ಇಲ್ಲ," ಅಂದಳು ರಿಗ್ಮೋರ್. ಎದ್ದು ನಿಂತಿದ್ದಳು. "ಹತ್ತೊಂಬತ್ತು ಕೈ ತಗೊಂಡು ನಾನೇನ್ ಮಾಡ್ಲಿ? ನನಗೆ ಬೇಕಾಗಿದ್ದು ಒಂದು ಕೈ."

ಎಲ್ಲರೂ ವಿಗ್ಗೊನ ಕಡೆ ತಿರುಗಿದರು. ಅವನು ಕೊನೆಯ ಸಾಲಿನಲ್ಲಿ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ನಿಧಾನಕ್ಕೆ ಎದ್ದ. ಕೋಟಿನ ಒಳಜೇಬಿನಿಂದ ಮೀಟರ್ ಪುಸ್ತಕ ತೆಗೆದ. ಅದೇ ಹಳೆಯ ಕಂದು ರಟ್ಟಿನದು, ಎಡಕ್ಕೊಂದು ಬಲಕ್ಕೊಂದು ಕಾಲಮ್ಮು.

"ಸುಳ್ಳು ಹೇಳಿ ಕೈ ಎತ್ತೋಕೆ ನನಗೆ ಬರಲ್ಲ," ಅಂದ. "ಆ ಚಿತ್ರ ನೋಡಿದ ಮೇಲೆ, ದಿನಾ ಬೆಳಗ್ಗೆ, ತಿಂಡಿ ಹೊತ್ತಿಗೆ ಅವಳು ಮೊದಲು ಏನು ಅಂತಾಳೆ ಅಂತ ಎಡಗಡೆ ಬರ್ದೆ. ಅಂದಿದ್ದನ್ನ ಬಲಗಡೆ. ಮೊದಲೆರಡು ದಿನ ತಪ್ಪಿತು. ಇಂಟು ಮಾರ್ಕು. ಖುಷಿಯಾಯ್ತು. ಆಮೇಲೆ ತಪ್ಪಲೇ ಇಲ್ಲ. ಕೇಳಿ."

ಮೂವತ್ತೇಳು ವರ್ಷ ಅಂಕಿ ಓದಿದ ದನಿಯಲ್ಲಿ ಓದತೊಡಗಿದ.

"ಫೆಬ್ರವರಿ ಎಂಟು. ಊಹೆ: 'ಗಾಳಿ ಜೋರಿದೆ, ಕಿವಿ ಮುಚ್ಕೊ.' ನಿಜ: 'ಗಾಳಿ ಜೋರಿದೆ, ಕಿವಿ ಮುಚ್ಕೊ.' ರೈಟ್. ಒಂಬತ್ತು. 'ಲಿವರ್ ಪೇಸ್ಟ್ ಮುಗೀತಾ ಬಂತು.' ರೈಟ್. ಇವೆಲ್ಲ ಯಾರಾದ್ರೂ ಅನ್ನೋ ಮಾತು ಅಂತ ನಾನೂ ಸಮಾಧಾನ ಮಾಡ್ಕೊಂಡೆ. ಕಷ್ಟದ್ದು ಬರೆಯೋಕೆ ಶುರುಮಾಡ್ದೆ. ಹದಿನೈದು. 'ಬೀಟ್‌ರೂಟ್ ಉಪ್ಪಿನಕಾಯಿ ನೋಡಿದ್ರೆ ನನಗೆ ನಿನ್ನ ಅತ್ತಿಗೆ ನೆನಪಾಗ್ತಾಳೆ.'"

"ಅಂದ್ಲಾ?" ಅಂದ ಹೋಲ್ಗರ್.

"ಅಕ್ಷರಕ್ಕೆ ಅಕ್ಷರ. ಹತ್ತೊಂಬತ್ತು. 'ನಾರ್ವೆ ರಾಜನಿಗೆ ಈ ಚಳೀಲಿ ಕಾಲು ಬೆಚ್ಚಗಿರುತ್ತೋ ಇಲ್ವೋ.' ಅದೂ ಅಂದ್ಲು."

ಜನ ನಗುತ್ತಿದ್ದರು. ರಿಗ್ಮೋರ್ ನಗುತ್ತಿರಲಿಲ್ಲ, ಅವಳ ಬಾಯಿ ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತಿತ್ತು. ವಿಗ್ಗೊ ಕೊನೆಯ ಪುಟಕ್ಕೆ ಬಂದು ನಿಂತುಬಿಟ್ಟ.

"ಓದು ಮಾರಾಯ, ನಡಾವಳಿಗೆ ಬೇಕು," ಅಂದ ಹೋಲ್ಗರ್.

"ಫೆಬ್ರವರಿ ಇಪ್ಪತ್ತನಾಲ್ಕು, ಊಹೆ ತಪ್ಪದ ಹದಿನೇಳನೇ ದಿನ. ಅವಳು ಯಾವತ್ತೂ ಅನ್ನದ್ದು, ಯಾವತ್ತೂ ಅನ್ನಲಾರದ್ದು ಬರೀಬೇಕು ಅಂತ ಬರ್ದೆ. ಊಹೆ." ಗಂಟಲು ಸರಿಮಾಡಿಕೊಂಡ. "'ವಿಗ್ಗೊ, ನಿನ್ನನ್ನ ಮದುವೆಯಾಗಿದ್ದು ನನಗೆ ಸಂತೋಷ.'"

ನಮ್ಮೂರಲ್ಲಿ ಇಂಥ ಮಾತನ್ನು ಹೆಣದ ಮುಂದೆ ಕೂಡ ಯಾರೂ ಆಡುವುದಿಲ್ಲ. ಹೋಲ್ಗರ್ ತನ್ನ ಬೂಟು ನೋಡಿಕೊಂಡ.

"ಕಾಫಿ ಬಗ್ಗಿಸ್ತಾ ಅಂದೇಬಿಟ್ಲು," ಅಂದ ವಿಗ್ಗೊ. "ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಆಗ ಗೊತ್ತಾಯ್ತು ಮೀಟರ್ ಸತ್ತಿದೆ ಅಂತ. ನಾನು ನೋಡ್ತಿರೋದು ನನ್ನ ತಲೆಯೊಳಗಿರೋದನ್ನೇ. ಅದಕ್ಕೇ ಅವತ್ತು ಅವಳಿಗೆ ಹಾಗಂದೆ."

ಆಗ ನನಗೆ ಅರ್ಥವಾಯಿತು, ಇವತ್ತೇ ಅನ್ನಬೇಕಿತ್ತಾ ಅಂತ ಅವಳು ನನ್ನ ಅಡುಗೆಮನೆಯಲ್ಲಿ ಅತ್ತದ್ದು ಯಾಕೆ ಅಂತ. ಜನ್ಮದಲ್ಲಿ ಮೊದಲ ಸಲ ಅಂಥ ಮಾತು ಬಾಯಿಬಿಟ್ಟು ಆಡಿದ್ದಳು. ಅದಕ್ಕೆ ಗಂಡ ಕೊಟ್ಟ ಉತ್ತರ, ನೀನಿಲ್ಲ.

ರಿಗ್ಮೋರ್ ಸಾಲಿನಿಂದ ಹೊರಬಂದು ಅವನೆದುರು ನಿಂತಳು.

"ಆ ಪುಸ್ತಕ ಬರ್ದು ಎಲ್ಲಿಡ್ತಿದ್ದೆ?"

"ರೊಟ್ಟಿ ಡಬ್ಬಿ ಮೇಲೆ."

"ಇಟ್ಟು?"

"ಗಡ್ಡ ಹೆರೆಯೋಕೆ ಹೋಗ್ತಿದ್ದೆ."

"ಎಷ್ಟು ಹೊತ್ತು?"

"ಹನ್ನೆರಡು ನಿಮಿಷ."

"ಆ ಹನ್ನೆರಡು ನಿಮಿಷ ರೊಟ್ಟಿ ಡಬ್ಬಿ ಮುಂದೆ ಯಾರಿರ್ತಾರೋ, ಕತ್ತೆ?"

ವಿಗ್ಗೊ ಕೈಯಲ್ಲಿದ್ದ ಪುಸ್ತಕ ನೋಡಿದ, ಅವಳ ಮುಖ ನೋಡಿದ.

"ಎರಡು ದಿನದ ಇಂಟು ಮಾರ್ಕು ನೋಡ್ದೆ," ಅಂದಳು ಅವಳು. "ನನ್ನ ಮಾತು ಊಹಿಸೋಕೆ ಹೋಗಿ ಸೋಲ್ತಿದ್ದಾನೆ, ಕೆಲಸ ಹೋದ ಮೇಲೆ ಇವನಿಗೆ ಯಾವುದೂ ಸರಿಹೋಗ್ತಿಲ್ಲ, ಪಾಪ, ಇದೊಂದಾದ್ರೂ ಗೆಲ್ಲಲಿ ಅಂದ್ಕೊಂಡೆ. ನಿನ್ನ ಮುಖ ನೋಡಿ ಏನಾದ್ರೂ ತಿಳಿಯುತ್ತಾ? ದಿನದಿಂದ ದಿನಕ್ಕೆ ನೀನು ಬಿಳಿಚ್ಕೊಂಡೆ, ಖುಷಿಗೆ ಇರ್ಬೇಕು ಅಂದ್ಕೊಂಡೆ! ನಾರ್ವೆ ರಾಜನ ಕಾಲಿನ ವಿಷಯ ಹೇಳೋವಾಗ ನನಗೇ ಅನುಮಾನ ಬಂದಿತ್ತು, ನಿನಗೆ ತಲೆ ಕೆಟ್ಟಿದೆ ಅಂತ. ಆದ್ರೂ ಹೇಳ್ದೆ."

"ಆದರೆ ಇದನ್ನೂ ಗಮನಿಸಬೇಕು," ಅಂತ ಪ್ರೆಬೆನ್ ಎದ್ದ. "ಈ ವಿವರಣೆ ಕೂಡ ಆ ಭ್ರಮೆಯದೇ ಒಂದು ಭಾಗ ಆಗಿರೋ ಸಾಧ್ಯತೆ..."

"ಕೂತ್ಕೊಳೋ, ಪ್ರೆಬೆನ್!" ಅಂತ ಇಡೀ ಮಹಾಸಭೆ ಅರಚಿತು. ಅದು ಸರ್ವಾನುಮತದ ನಿರ್ಣಯ.

ವಿಗ್ಗೊ ಪುಸ್ತಕವನ್ನೇ ನೋಡುತ್ತಿದ್ದ. ಅವನಿಗೆ ಸಮಾಧಾನವಾಗಿರಬೇಕು ಅಂತ ನಾವು ಅಂದುಕೊಂಡೆವು. ಆದರೆ ಅವನು ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತಲೆಯೆತ್ತಿದ. ಆ ಮುಖದಲ್ಲಿ ಮೊಟ್ಟಮೊದಲ ಸಲ ಏನೋ ಓದುವಂತಿತ್ತು. ಭಯ.

"ಹಾಗಾದ್ರೆ ಇದನ್ನೂ," ಅಂದ. "ಇದನ್ನೂ ನಾನು ಬರ್ದಿದ್ದೆ ಅಂತ್ಲೇ ಹೇಳಿದ್ಯಾ?"

ರಿಗ್ಮೋರ್‌ಳ ಕತ್ತು ಕೆಂಪಾಯಿತು, ಕೆನ್ನೆ ಕೆಂಪಾಯಿತು. ಇಪ್ಪತ್ತು ಜನರ ಮುಂದೆ ಅವಳು ಕೋಟಿನ ಗುಂಡಿಯನ್ನು ತಿರುವುತ್ತ ನಿಂತಳು.

"ಬೀಟ್‌ರೂಟ್ ವಿಷಯ ನೀನು ಬರ್ದಿದ್ದೆ ಅಂತ ಹೇಳ್ದೆ," ಅಂದಳು. "ಇದನ್ನ... ನೀನು ಗಡ್ಡ ಹೆರೀತಿದ್ದಾಗ ಸ್ಟವ್ ಮುಂದೆ ನಿಂತು ಮೂರು ಸಲ ಅಭ್ಯಾಸ ಮಾಡ್ದೆ. ಸುಳ್ಳು ಹೇಳೋಕೆ ನನಗೆ ಅಭ್ಯಾಸ ಬೇಕಾಗಲ್ಲ ವಿಗ್ಗೊ."

ವಿಗ್ಗೊ ಪುಸ್ತಕ ಎಡಗೈಗೆ ಬದಲಾಯಿಸಿಕೊಂಡು ಬಲಗೈ ಎತ್ತಿದ. ನೆಟ್ಟಗೆ, ಶಾಲೆಯ ಹುಡುಗನ ಹಾಗೆ, ಹೋಲ್ಗರ್ ಸಾಕು ಅನ್ನುವವರೆಗೂ ಇಳಿಸಲಿಲ್ಲ. ನಾನು ಹತ್ತೊಂಬತ್ತನ್ನು ಹೊಡೆದುಹಾಕಿ ಇಪ್ಪತ್ತು ಅಂತ ಬರೆದೆ. ಪ್ರೆಬೆನ್ ತಟಸ್ಥನಾಗಿಯೇ ಉಳಿದ.

ಇಷ್ಟಕ್ಕೇ ಎಲ್ಲವೂ ಸರಿಹೋಯಿತು ಅಂತ ನೀವು ಅಂದುಕೊಂಡರೆ ನಿಮಗೆ ರಿಗ್ಮೋರ್ ಗೊತ್ತಿಲ್ಲ. "ಕೈ ಎತ್ತಿದ, ಸರಿ," ಅಂದಳು ಮನೆಗೆ ನಡೆಯುವಾಗ. "ಅವನಿಗೆ ನಾಲಿಗೆನೂ ಇದೆ ಅಲ್ವಾ? ನಾನು ನನ್ನದನ್ನ ಹೇಳಿ ಆಯ್ತು." ಪೆಟ್ಟಿಗೆ ಹಾಸಿಗೆ ಕೆಳಗೆ ಕಟ್ಟಿದ ಹಾಗೇ ಇತ್ತು.

ಸೋಮವಾರ ಬೆಳಗ್ಗೆ ನಾನು ಕಿಟಕಿಯಲ್ಲೇ ನಿಂತಿದ್ದೆ. ಒಂಬತ್ತೂವರೆಗೆ ರಿಗ್ಮೋರ್ ಪೆಟ್ಟಿಗೆ ತಂದು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು. ಒಂಬತ್ತೂ ನಲವತ್ತಕ್ಕೆ ಬಸ್ಸು ಬಂತು. ಚಾಲಕ ಎರಡು ಸಲ ಹಾರ್ನ್ ಮಾಡಿದ. ಬಾಗಿಲು ತೆರೆಯಲಿಲ್ಲ. ಬಸ್ಸು ಹೋಯಿತು, ಪೆಟ್ಟಿಗೆ ಮೆಟ್ಟಿಲ ಮೇಲೇ ಉಳಿಯಿತು, ನಮ್ಮ ಬೆಕ್ಕು ಹೋಗಿ ಅದರ ಮೇಲೆ ಮಲಗಿತು. ನನ್ನ ಕಾಫಿ ಆರಿ ತಣ್ಣಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ರಿಗ್ಮೋರ್ ಬಂದಳು. ಕಂಕುಳಲ್ಲಿ ಕಂದು ರಟ್ಟಿನ ಪುಸ್ತಕ. ಅದನ್ನು ನನ್ನ ಮುಂದೆ ಬಿಚ್ಚಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಳು.

ಹೊಸ ಪುಟ. ಈ ಸಲ ಅಕ್ಷರ ಅವಳದು. ಅವನು ಗಡ್ಡ ಹೆರೆಯುವ ಹನ್ನೆರಡು ನಿಮಿಷದಲ್ಲಿ, ಅವನು ಏನನ್ನಬಹುದು ಅಂತ ಅವಳು ಎಡಗಡೆ ಬರೆದಿದ್ದಳು: 'ಕಾಫಿ ಅಷ್ಟೇನೂ ಕೆಟ್ಟದಿಲ್ಲ.' ಪುಸ್ತಕವನ್ನು ಈ ಸಲ ರೊಟ್ಟಿ ಡಬ್ಬಿಯ ಮೇಲಿಡದೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡಿದ್ದಳಂತೆ.

ಬಲಗಡೆಯೂ ಅವಳದೇ ಅಕ್ಷರ, ಆದರೆ ಸಾಲು ಸೊಟ್ಟಗಾಗಿತ್ತು. ಅವನು ಎಂಟು ಗಂಟೆಗೆ ಬಾಯಿ ತೆರೆದವನು ಹನ್ನೊಂದೂಕಾಲಿಗೆ ಮಾತು ಹೊರಡಿಸಿದ್ದ. ಹೀಗಿತ್ತು: 'ಇಷ್ಟು ವರ್ಷ ನಾನೊಬ್ಬನೇ ಇದ್ದೆನೇನೋ ಅಂತ ಹೆದರಿಬಿಟ್ಟಿದ್ದೆ ರಿಗ್ಮೋರ್. ನೀನಿರೋದು ನನಗೆ ಸಂತೋಷ. ಆ ಪೆಟ್ಟಿಗೆ ಒಳಗೆ ತರ್ಲಾ?'

ಅದರ ಪಕ್ಕದಲ್ಲಿ ಅವಳು ಅರ್ಧ ಪುಟ ತುಂಬುವಷ್ಟು ದೊಡ್ಡದೊಂದು ಇಂಟು ಮಾರ್ಕು ಹಾಕಿದ್ದಳು.